ಅತ್ತೆಯ ಚೀಲದ ಎರೆಮಣ್ಣು

ಹೊಸಬಂದರು,
ಗಾಳಿ ತಿರುಗಿದ ಒಂಬತ್ತನೆಯ ದಿನ;
ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೧೯೩ರ ಕಾರ್ತಿಕ.

ಎರಡು ಸಾವಿರದ ಇಪ್ಪತ್ತರ ದಶಕದ ಹಿರಿಯರಿಗೆ ಗದುಗಿನ ಗುರುದೇವಿಯ ಶರಣು.

ಇಷ್ಟು ಹಿಂದಿನವರಿಗೆ ಬರೆಯುವಾಗ, ನಮ್ಮ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ ಎಂದು ಮೊದಲೇ ಕೇಳಿಕೊಳ್ಳುವುದು ವಾಡಿಕೆ. ಕೇಳಿಕೊಂಡೆ. ಈ ಕಾಗದದಲ್ಲಿ ಇನ್ನೊಮ್ಮೆ ಕೇಳುವುದಿಲ್ಲ. ಕ್ಷಮೆ ಬೇಡುವ ಕಾಗದಗಳನ್ನು ಓದಿ ಓದಿ ನನ್ನ ತಲೆ ಕೆಟ್ಟುಹೋಗಿದೆ. ನಮ್ಮ ಓಣಿಯ ಶಾಲೆಯ ಬುನಾದಿಯಲ್ಲಿ ನೀವು ಹೂತಿಟ್ಟಿದ್ದ ಉಕ್ಕಿನ ಡಬ್ಬಿ ಈ ಮಳೆಗಾಲದಲ್ಲಿ ಸಿಕ್ಕಿತು. ತೆಗೆದರೆ ಒಳಗಿನ ಕಾಗದಗಳೆಲ್ಲದರಲ್ಲೂ ಒಂದೇ ರಾಗ: ನಮ್ಮನ್ನು ಕ್ಷಮಿಸಿ, ನಿಮಗೇನೂ ಉಳಿಸಲಿಲ್ಲ, ನಿಮ್ಮ ಗತಿ ನೆನೆದರೆ ಅಳು ಬರುತ್ತದೆ. ಹೇಗಿದ್ದೀರಿ ಎಂದು ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಾವು ಇದ್ದೇವೆ. ನಾಳೆ ಬೆಳಿಗ್ಗೆ ನಾನೂ ನನ್ನ ಅತ್ತೆಯೂ ಸಮುದ್ರ ದಾಟಿ ಮಡಗಾಸ್ಕರಿಗೆ ಹೊರಟಿದ್ದೇವೆ.

ನೀವು ರಾತ್ರಿ ಉಂಡು ವಿಮಾನ ಹತ್ತಿ, ಬೆಳಗಿನ ಚಹಾಕ್ಕೆ ಇನ್ನೊಂದು ಖಂಡದಲ್ಲಿ ಇಳಿಯುತ್ತಿದ್ದಿರಂತೆ. ಕಾಲು ಚಾಚಲು ಜಾಗವಿಲ್ಲ ಎಂದು ಅದಕ್ಕೂ ಗೊಣಗುತ್ತಿದ್ದಿರಂತೆ. ನಮ್ಮದು ಗಾಳಿಹಡಗು, ಅಂದರೆ ಎಣ್ಣೆ ಕುಡಿಯದೆ ಹಾಯಿ ಬಿಚ್ಚಿ ಹೋಗುವ ಹಡಗು. ಮಳೆ ಮುಗಿದು ಗಾಳಿ ತಿರುಗಿದ ಮೇಲೆ ಹೊರಟರೆ ಎರಡು ತಿಂಗಳಿಗೋ ಎರಡೂವರೆಗೋ ಆಚೆ ದಡ. ಗಾಳಿ ಮತ್ತೆ ಈ ಕಡೆಗೆ ತಿರುಗುವವರೆಗೆ ಅಲ್ಲೇ ಇರಬೇಕು. ಆದ್ದರಿಂದ ನಮ್ಮಲ್ಲಿ ಪರದೇಶಕ್ಕೆ ಹೋಗುವವರು ಮನೆಯನ್ನೇ ಕಟ್ಟಿಕೊಂಡು ಹೋದಂತೆ ಹೋಗುತ್ತಾರೆ. ನಮಗೆ ಉರಿಹೊತ್ತು ಎಂಬುದೊಂದಿದೆ: ಬಿಸಿಲು ನೆತ್ತಿಗೇರಿದ ಮೇಲೆ ಇಳಿಯುವ ತನಕ ಯಾರೂ ಹೊರಗೆ ಬರುವುದಿಲ್ಲ, ಇಡೀ ಓಣಿ ನೆಲದಡಿಯ ತಂಪುಮನೆಯಲ್ಲಿ ಕೂತಿರುತ್ತದೆ. ಮಕ್ಕಳು ಅಲ್ಲೇ ಲೆಕ್ಕ ಕಲಿಯುತ್ತವೆ, ಗಂಡಸರು ಅಲ್ಲೇ ಹತ್ತಿ ಬಿಡಿಸುತ್ತಾರೆ, ಜಗಳಗಳೂ ಅಲ್ಲೇ ಆಗುತ್ತವೆ. ಹೋದ ತಿಂಗಳ ಉರಿಹೊತ್ತುಗಳೆಲ್ಲ ನಮ್ಮ ಪ್ರಯಾಣದ ಬುತ್ತಿಗೇ ಹೋದವು. ಖಡಕ್ ರೊಟ್ಟಿ ಬಡಿದು ಒಣಗಿಸಿದೆವು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳನ್ನು ಕುಟ್ಟಿದೆವು. ಅವು ನಿಮ್ಮ ಕಾಲದಲ್ಲೂ ಇದ್ದವು ಎಂದು ಕೇಳಿದ್ದೇನೆ. ಏನೂ ಉಳಿಸಲಿಲ್ಲ ಎಂದು ಹೇಗೆ ಬರೆದಿರೋ ಕಾಣೆ.

ಅತ್ತೆಯ ಹೆಸರು ಚನ್ನಬಸವ್ವ, ವಯಸ್ಸು ಎಂಬತ್ತನಾಲ್ಕು. ಅವರ ಮಗಳು ನೀಲಗಂಗಾ, ನನ್ನ ನಾದಿನಿ, ಒಣನೆಲದಲ್ಲಿ ಕೆರೆ ಕಟ್ಟಿಸುವ ಕೆಲಸಕ್ಕೆಂದು ಹರೆಯದಲ್ಲಿ ಆ ದ್ವೀಪಕ್ಕೆ ಹೋದವಳು. ಅಲ್ಲೇ ಮದುವೆಯಾದಳು, ಅಲ್ಲೇ ಉಳಿದಳು. ತಿಂಗಳಿಗೊಮ್ಮೆ ದನಿತಂತಿಯಲ್ಲಿ ಅವಳ ಮಾತಷ್ಟೇ ಬರುತ್ತದೆ, ಮುಖ ಬರುವುದಿಲ್ಲ. ಈ ವರ್ಷ ಅವಳು ಕೆರೆಯ ಏರಿಯಿಂದ ಬಿದ್ದು ನಡ ಮುರಿದುಕೊಂಡಳು. “ಇನ್ನ ನಾ ಬರಾಕ ಆಗೂದಿಲ್ಲ ಯವ್ವಾ,” ಎಂದಳು. ಅತ್ತೆ ಅಳಲಿಲ್ಲ. “ಹಂಗಾರ ನಾನ ಬರ್ತೀನಿ ತಗೋ,” ಎಂದರು.

ಮನೆಯಲ್ಲಿ ರಂಪವಾಯಿತು. ಎದೆ ಸೋತಿದೆ, ಅರ್ಧ ಸಮುದ್ರವನ್ನೂ ದಾಟಲಾರರು ಎಂದು ವೈದ್ಯರು ಹೇಳಿಬಿಟ್ಟಿದ್ದರು. “ಈ ವಯಸ್ಸಿನಾಗ ಸಮುದ್ರಾ ಯಾಕ ಬೇಕಾಗೇತಿ? ಮನ್ಯಾಗ ಸುಮ್ಮನ ಬಿದ್ದಿರಬಾರದೇನ?” ಎಂದ ನನ್ನ ಮೈದುನ ಶಿವಲಿಂಗಪ್ಪ. “ಬಿದ್ದಿರಾಕ ನಾ ಏನ ಕೊರಡೇನೋ?” ಎಂದರು ಅತ್ತೆ. ನನ್ನ ಹೊಟ್ಟೆ ತಣ್ಣಗಾಯಿತು. ನಾನೂ ಜೊತೆಗೆ ಬರುತ್ತೇನೆ ಎಂದು ಅಲ್ಲೇ ಹೇಳಿದೆ. ಭಯವಿಲ್ಲವೆಂದಲ್ಲ. ದಾರಿಯಲ್ಲಿ ಅವರಿಗೆ ಏನಾದರೂ ಆದರೆ ನಾನೊಬ್ಬಳೇ ಏನು ಮಾಡಲಿ ಎಂಬ ಭಯ ಈಗಲೂ ಇದೆ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಬಂದವರೆಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಹಡಗಿನಲ್ಲಿ ಸತ್ತವರನ್ನಾದರೋ ಹಾಯಿಬಟ್ಟೆಯಲ್ಲಿ ಸುತ್ತಿ ನೀರಿಗೆ ಬಿಡುತ್ತಾರೆ. ಇದು ಅತ್ತೆಗೆ ತಿಳಿಯಿತು. ಮೂರನೆಯ ದಿನ ಹೊಲಕ್ಕೆ ಹೋಗಿ ಒಂದು ಚೀಲ ಎರೆಮಣ್ಣು ತುಂಬಿಸಿಕೊಂಡು ಬಂದರು. ಹಡಗಿನಲ್ಲಿ ಒಬ್ಬೊಬ್ಬರಿಗೆ ಇಂತಿಷ್ಟೇ ತೂಕ ಎಂದು ಕೊಡುತ್ತಾರೆ, ಅದಕ್ಕೆ ತೂಕಪಾಲು ಎನ್ನುತ್ತೇವೆ. ಅವರ ಪಾಲಿನಲ್ಲಿ ಅರ್ಧ ಮಣ್ಣಿಗೇ ಹೋಯಿತು. “ಅತ್ತೀ, ಒಂದ ಹಿಡಿ ಸಾಕಲ್ರೀ,” ಎಂದೆ. “ನೀನೊಬ್ಬಾಕಿ ಹಾಕಿದ್ರ ಮುಗೀತೇನ? ಹಡಗಿನ ಮಂದೀನೆಲ್ಲಾ ಕರದು ಹಾಕ್ಸು. ಬಟ್ಟಿ ಸುತ್ತೂಕಿಂತ ಮೊದಲ ಹಾಕ್ಸು,” ಎಂದರು. ಅವರ ಸೀರೆಗಳು ನನ್ನ ತೂಕಪಾಲಿಗೆ ಬಂದವು, ನನ್ನ ಕಂಬಳಿ ಮನೆಯಲ್ಲೇ ಉಳಿಯಿತು. ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಇವತ್ತು ಸಂಜೆ ಬಂದರಿನ ಬಾಗಿಲಲ್ಲಿ ಸಾಮಾನು ನೋಡುವ ಅಧಿಕಾರಿ ಚೀಲ ಬಿಚ್ಚಿದ. ಕರಾವಳಿಯ ಹುಡುಗ, ಮೃದು ಮಾತಿನವನು. “ಅಜ್ಜೀ, ಆಚೆ ದಡದಲ್ಲಿ ಹೊರಗಿನ ಮಣ್ಣು ಇಳಿಸ್ಲಿಕ್ಕೆ ಬಿಡುದಿಲ್ಲ. ಇಲ್ಲೇ ಬಿಟ್ಟು ಹೋಗಿ,” ಎಂದ. ಮಣ್ಣಿಲ್ಲದೆ ಅತ್ತೆ ಹಡಗು ಹತ್ತುವುದಿಲ್ಲ; ಈ ಹಡಗು ತಪ್ಪಿದರೆ ಇನ್ನೊಂದು ಗಾಳಿ ತಿರುಗುವ ತನಕ ಆ ಎದೆ ಕಾಯುವುದಿಲ್ಲ. ಅತ್ತೆ ಕೋಲೂರಿ ಅವನ ಹತ್ತಿರ ಹೋದರು. “ತಮ್ಮಾ, ಈ ಮಣ್ಣು ನಾ ಸತ್ತರ ಬೇಕಾಗೂದು. ದಾರ್ಯಾಗ ಸತ್ತೆ ಅಂದ್ರ ಅಲ್ಲೇ ಖರ್ಚ ಆಕ್ಕೈತಿ. ಸಾಯಲಿಲ್ಲಂದ್ರ ದಂಡಿ ಕಂಡಕೂಡಲೇ ನೀರಿಗೆ ಸುರೀತೀನಿ. ಮಗಳ ಮನಿಗೆ ಯಾರರ ಮಣ್ಣು ಒಯ್ತಾರೇನ?” ಎಂದರು. ಅವನು ಚೀಲದ ಬಾಯಿಯನ್ನು ತಾನೇ ಕಟ್ಟಿ, ಹೆಗಲ ಮೇಲೆ ಹೊತ್ತು ಹಡಗಿಗೆ ಮುಟ್ಟಿಸಿ ಬಂದ.

ಈಗ ಬಂದರಿನ ತಂಗುಮನೆಯಲ್ಲಿ ಅತ್ತೆ ಹಿಂಡಿ ಕಲಸಿಕೊಂಡು ರೊಟ್ಟಿ ತಿನ್ನುತ್ತಿದ್ದಾರೆ. ನಿಮ್ಮ ಡಬ್ಬಿಯ ಕಾಗದಗಳನ್ನು ಅವರಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, “ಅವರು ಯಾರಿಗೆ ಅಳಾಕತ್ತಾರ? ಸತ್ತಾವ್ರು ಅವರ ಅಲ್ಲೇನ?” ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಹಿರಿಯರೇ, ನನ್ನ ತಕರಾರು ಇಷ್ಟೇ. ನಾವು ಹುಟ್ಟುವ ಮೊದಲೇ ನೀವೆಲ್ಲ ಸಾಲಾಗಿ ನಿಂತು ನಮ್ಮ ಮೇಲೆ ಒಂದೊಂದು ಹಿಡಿ ಮಣ್ಣು ಹಾಕಿಬಿಟ್ಟಿರಿ. ನಮ್ಮ ಮಣ್ಣನ್ನು ನಾವೇ ಹೊತ್ತುಕೊಂಡು ಹೊರಟಿದ್ದೇವೆ. ಬೇಕಾದರೆ ಹಾಕಿಕೊಳ್ಳುತ್ತೇವೆ, ಬೇಡವಾದರೆ ಸಮುದ್ರಕ್ಕೆ ಸುರಿಯುತ್ತೇವೆ. ನೀವಿನ್ನೂ ಬದುಕಿರುವ ಕಾಲಕ್ಕೆ ಈ ಕಾಗದ ತಲುಪಿದರೆ ಒಂದು ಮಾತು ನಡೆಸಿಕೊಡಿ. ಅಳುವುದನ್ನು ನಿಲ್ಲಿಸಿ. ನಿಮ್ಮ ಕೈಯಲ್ಲಿರುವ ಆ ಹಿಡಿ ಮಣ್ಣನ್ನು ಕೆಳಗಿಟ್ಟು, ಅದರಲ್ಲಿ ಏನಾದರೂ ಬಿತ್ತಿ.