ಡೀಸೆಲ್ ವ್ಯಾನಿನ ಮರಣವಾರ್ತೆ

6 ಆಗಸ್ಟ್ 2023, ಭಾನುವಾರ

ಮಾಮೂಲಿನಂತೆ ಚರ್ಚಿಗೆ. ಮಾಮೂಲಿನಂತೆ ಹಿಂದಿನ ಸೀಟು, ಎರಡು ಮುದುಕಿಯರ ನಡುವೆ ಚಪ್ಪಟೆ. ಲಂಡನ್ ಅಂಚಿನ ಸಟನ್ನಿನ ಬೀದಿಗಳನ್ನು ಸುತ್ತಿ ಪಪ್ಪ ಏಳು ಮಂದಿಯನ್ನು ವ್ಯಾನಿಗೆ ಹತ್ತಿಸಿಕೊಂಡರು. ಉಡುಪಿಯಲ್ಲಿ ಸಿಟಿ ಬಸ್ ಓಡಿಸಿದ ನಮ್ಮ ಪಪ್ಪ, ಶ್ರೀಮಾನ್ ಸ್ಟ್ಯಾನಿಸ್ಲಾಸ್, ಈಗ ವಾರವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಮತ್ತೆ ಡ್ರೈವರ್. ಆಗ ಬೆನ್ನು ನೆಟ್ಟಗಿರುತ್ತದೆ.

29ರಿಂದ ಲಂಡನ್ ಪೂರ್ತಿ ಹೊಗೆ ನಿಯಮ: ಫೇಲಾದ ಗಾಡಿ ರಸ್ತೆಗಿಳಿದರೆ ದಿನಕ್ಕೆ ಹನ್ನೆರಡೂವರೆ ಪೌಂಡ್ ಚಾರ್ಜ್. ನಮ್ಮ ಹಳೇ ಡೀಸೆಲ್ ವ್ಯಾನ್ ಫೇಲ್.

(ಕನ್ನಡದಲ್ಲಿ ಬರೆಯುತ್ತಿರುವುದು ಭಾಷಾಪ್ರೇಮದಿಂದಲ್ಲ. ತಂಗಿ ಮಿಶೆಲ್‌ಗೆ ಓದಲು ಬರುವುದಿಲ್ಲ, ಅಷ್ಟೆ.)

13 ಆಗಸ್ಟ್, ರಾತ್ರಿ ಊಟ ಆದ ಮೇಲೆ

ಪಪ್ಪನ ಕಸಿನ್ ಲಿಯೋನ್ ಅಂಕಲ್, ಕ್ಯಾನರಿ ವಾರ್ಫಿನ ಗಾಜಿನ ಗೋಪುರದಲ್ಲಿ ಬ್ಯಾಂಕ್ ಕೆಲಸದವರು, ಹೊಸ ಜೀಪ್ ತೋರಿಸಲು ಬಂದಿದ್ದರು. ಜೀಪ್ ಅಲ್ಲ, ಚಕ್ರವಿರುವ ಬಂಗಲೆ.

"ವ್ಯಾನ್ ಸ್ಕ್ರ್ಯಾಪಿಗೆ ಕೊಡು ಮಾರಾಯ. ನಂದು ನೋಡು, ಎಲ್ಲಾ ರೂಲ್ಸಿಗೂ ಪಾಸ್."

"ಮೈಲೇಜ್ ಎಷ್ಟು?"

"ಅದನ್ನು ಯಾರು ಕೇಳ್ತಾರೆ?"

"ಅದೇ ನಾನೂ ಹೇಳುದು. ನಿನ್ನೊಬ್ಬನನ್ನು ಹೊರಲಿಕ್ಕೆ ಎರಡು ಟನ್ ಕಬ್ಬಿಣ. ಅದು ಪಾಸ್. ನನ್ನ ವ್ಯಾನಿನಲ್ಲಿ ಜಾಗ ಇಲ್ಲದಷ್ಟು ಜನ. ಅದು ಫೇಲ್."

ಮಮ್ಮಿ ಚೆಸ್ಟ್ ವಾರ್ಡಿನ ನರ್ಸ್. ತಟ್ಟೆ ಕೆಳಗಿಟ್ಟಳು. "ಜನ ತುಂಬಿದ್ರೆ ಹೊಗೆ ಕಮ್ಮಿ ಆಗ್ತದಾ? ನನ್ನ ವಾರ್ಡಿಗೆ ಬಂದು ಹೇಳಿ, ಅಲ್ಲಿ ಉಸಿರಿಗೆ ಒದ್ದಾಡುವ ಮಕ್ಕಳಿಗೆ."

"ಕಾನೂನು ಬೇಡ ಅಂತ ಎಲ್ಲಿ ಹೇಳಿದೆ ಇಜಾಬೆಲ್? ಇನ್ನೂ ಸ್ಟ್ರಿಕ್ಟ್ ಮಾಡ್ಲಿ. ಗಾಡಿ ಮಾಡುವವನ ಕುತ್ತಿಗೆ ಹಿಡೀಲಿ— ಕಮ್ಮಿ ಎಣ್ಣೆ ಕುಡಿಯುವುದನ್ನೇ ಮಾಡು ಅಂತ. ಅವನು ಮಾಡಿ, ಮಾರಿ ಆದ ಮೇಲೆ ನನ್ನ ಕುತ್ತಿಗೆ ಯಾಕೆ?"

ಮಾನ್ಯ ಸಭಾಧ್ಯಕ್ಷನಾದ ನಾನು ಐಸ್‌ಕ್ರೀಮ್ ಕಾರಣ ಸದನವನ್ನು ಮುಂದೂಡಿದೆ.

29 ಆಗಸ್ಟ್

ನಿಯಮ ಬಂತು. ಪಪ್ಪನ ತೀರ್ಮಾನ: ವಾರವೆಲ್ಲ ವ್ಯಾನ್ ಮನೆ ಮುಂದೆ, ಭಾನುವಾರ ಮಾತ್ರ ಚಾರ್ಜ್ ಕಟ್ಟಿ ಓಡಿಸುವುದು. ಮಮ್ಮಿ ಮಾತು ಬಿಟ್ಟಿದ್ದಾಳೆ. ಪಪ್ಪ ಹೇಳಿದ್ದು ಇಷ್ಟೇ. "ಅವರು ಬಾಗಿಲಲ್ಲಿ ಕಾಯ್ತಾರೆ."

31 ಆಗಸ್ಟ್

ಮನೆಯಲ್ಲಿ ಸ್ಮಶಾನಮೌನ. ಸ್ಮಶಾನ ಅಂದಮೇಲೆ ಶವ ಬೇಕಲ್ಲ… ಬರೆದೇಬಿಟ್ಟೆ. ನಮ್ಮವರ ಪದ್ಧತಿಯಂತೆ ಕಪ್ಪು ಅಂಚು, ಶಿಲುಬೆ, ನಡುವೆ ವ್ಯಾನಿನ ಫೋಟೊ.

"ಸಟನ್ ನಿವಾಸಿ, ಡೀಸೆಲ್ ವ್ಯಾನ್, ದೀರ್ಘಕಾಲದ ಹೊಗೆಬಾಧೆಯಿಂದ ದೈವಾಧೀನ. ಸದಾ ಕೆಮ್ಮಿದರೂ ಯಾರನ್ನೂ ದಾರಿಯಲ್ಲಿ ಇಳಿಸಿದವರಲ್ಲ. ಪತಿ ಸ್ಟ್ಯಾನಿಸ್ಲಾಸ್ ಹಾಗೂ ಏಳು ಪ್ರಯಾಣಿಕರು ದುಃಖತಪ್ತರು."

ಚರ್ಚಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಮುಗಿದ ಕೈಗಳ ಇಮೋಜಿ ಸುರಿಮಳೆ. ಪಪ್ಪನದು ಬಟನ್ ಫೋನ್, ಹಾಗಾಗಿ ಧೈರ್ಯ.

3 ಸೆಪ್ಟೆಂಬರ್, ಭಾನುವಾರ

ಯಾವ ಬಾಗಿಲಲ್ಲೂ ಯಾರೂ ಇಲ್ಲ. ಪಪ್ಪ ಹಾರ್ನ್ ಹೊಡೆದರು. ಇಳಿದು ಬೆಲ್ ಒತ್ತಿದರು. ಖಾಲಿ ವ್ಯಾನಿನಲ್ಲಿ ನಾನೊಬ್ಬ.

ಚರ್ಚಿನ ಬಾಗಿಲಲ್ಲಿ ಬೆನೆಡಿಕ್ಟಾ ಬಾಯಿ, ಹಿಂದಿನ ಸೀಟಿನ ಇಬ್ಬರು ಮುದುಕಿಯರಲ್ಲಿ ಒಬ್ಬರು, ನನ್ನನ್ನು ಪಕ್ಕಕ್ಕೆ ಕರೆದರು. "ವ್ಯಾನ್ ಹೋಯ್ತಂತೆ ಅಲ್ವಾ ಡೀನ್. ತಮಾಷೆ ಮಾಡಿ ಬರೆದ್ರೂ ಸಂಕಟ ಗೊತ್ತಾಗ್ತದೆ. ಪಪ್ಪನಿಗೆ ಫೋನ್ ಮಾಡಿ ಕೆದಕುದು ಬೇಡ ಅಂತ ನಾವೇ ಬೇರೆ ವ್ಯವಸ್ಥೆ ಮಾಡ್ಕೊಂಡ್ವಿ."

ನಮ್ಮವರು ಹೀಗೇ. ಸಾವಿನ ಸುದ್ದಿ ಬಂದರೆ ಮನೆಯವರನ್ನು ವಿವರ ಕೇಳುವುದಿಲ್ಲ. ಮರ್ಯಾದೆ.

ಸಂಜೆ ಗುಂಪಿಗೆ ಬರೆದೆ: "ಮೃತರು ಜೀವಂತ. ಮುಂದಿನ ಭಾನುವಾರ ಎಂದಿನಂತೆ ಸೇವೆಗೆ ಲಭ್ಯ." ಎಲ್ಲರೂ ನಕ್ಕರು. ಮುಖಗಳೇ ಮುಖಗಳು, ಕಣ್ಣಲ್ಲಿ ನೀರು ಬರುವಷ್ಟು ನಗುವ ಹಳದಿ ಮುಖಗಳು.

10 ಸೆಪ್ಟೆಂಬರ್

ಮತ್ತೆ ಎಲ್ಲ ಬೀದಿ. ಮತ್ತೆ ಖಾಲಿ.

ಬೆನೆಡಿಕ್ಟಾ ಬಾಯಿ ಲಿಯೋನ್ ಅಂಕಲ್ ಜೀಪಿನಿಂದ ಇಳಿದರು. "ಸೀಟು ಬಿಸಿಯಾಗ್ತದೆ ಮಗಾ. ಬೆನ್ನಿಗೆ ಎಷ್ಟು ಸುಖ." ಉಳಿದವರು ಒಬ್ಬೊಬ್ಬರಾಗಿ, ಒಂದೊಂದು ಕಾರಿನಿಂದ. ಒಂದು ವ್ಯಾನಿಗೆ ಬದಲು ಪಾರ್ಕಿಂಗ್ ತುಂಬ ಗಾಡಿ. ಎಲ್ಲವೂ ಪಾಸ್.

ಪಪ್ಪ ವಾಪಸ್ ಬರುವಾಗ ಮೆಲ್ಲಗೆ ಓಡಿಸಿದರು. ಬಸ್‌ಸ್ಟಾಪಿನ ಹತ್ತಿರ ಇನ್ನೂ ಮೆಲ್ಲಗೆ.

23 ಸೆಪ್ಟೆಂಬರ್, ಶನಿವಾರ

ವ್ಯಾನ್ ಒಯ್ದರು. ಪಪ್ಪನೇ ಕರೆಸಿದ್ದು. ಲಾರಿಯವರು ಸರಪಳಿ ಕಟ್ಟುವಾಗ ಮಮ್ಮಿ ಒಳಗೆ ಹೋದಳು. ಈ ದಿನವನ್ನೇ ಬಯಸಿದವಳು ಸಿಂಕಿನ ನಲ್ಲಿ ಬಿಟ್ಟು ಅತ್ತಳು.

ಪಪ್ಪನಿಗೆ ಹೇಳಿದೆ. ಮರಣವಾರ್ತೆ, ಗುಂಪು, ಎಲ್ಲ.

"ಗೊತ್ತುಂಟು. ನಿನ್ನ ಮಮ್ಮಿ ಓದಿ ಹೇಳಿದಳು. ಚೆನ್ನಾಗಿ ಬರೆದಿದ್ದಿ."

"ನನ್ನಿಂದಲೇ ಆದದ್ದು ಪಪ್ಪ."

"ಬದುಕಿದೆ ಅಂತ ಮತ್ತೆ ಹಾಕಿದಿಯಲ್ಲ. ಅದನ್ನೂ ಓದಿದಳು. ಅವರೂ ಓದಿದ್ದಾರೆ."

ಆಮೇಲೆ ಅಂಗಳ ಗುಡಿಸಿದರು.

1 ಅಕ್ಟೋಬರ್, ಭಾನುವಾರ

ಹೊರಗೆ ಹಾರ್ನ್. ಲಿಯೋನ್ ಅಂಕಲ್. "ಬಾ ಸ್ಟ್ಯಾನಿ, ಸೀಟು ಉಂಟು." ಜೀಪಿನಲ್ಲಿ ಬೆನೆಡಿಕ್ಟಾ ಬಾಯಿ ಒಬ್ಬರೇ. ನಾನು ಹಿಂದೆ ಹತ್ತಿದೆ. ಪಪ್ಪ ಇಸ್ತ್ರಿ ಶರ್ಟಿನಲ್ಲಿ ಬಂದರು, ನೇರ ಡ್ರೈವರ್ ಬದಿಗೆ ಹೋಗಿ ಹಿಡಿಕೆಗೆ ಕೈ ಹಾಕಿದರು.

ಅಂಕಲ್ ಗ್ಲಾಸ್ ಇಳಿಸಿದರು. "ಆಚೆ ಬದಿ, ಸ್ಟ್ಯಾನಿ."

ಪಪ್ಪ ಕೈ ತೆಗೆಯಲಿಲ್ಲ. ಕೈ ಎಲ್ಲಿದೆ ಎಂದು ಆಗಷ್ಟೇ ನೋಡಿದಂತಿತ್ತು. ಬೆನೆಡಿಕ್ಟಾ ಬಾಯಿ ನನ್ನ ಕಡೆ ತಿರುಗಿದರು. ಏನಾದರೂ ತಮಾಷೆ ಹೇಳು ಎನ್ನುವ ಮುಖ. ಹೇಳುವವನು ನಾನೇ ತಾನೆ, ಯಾವಾಗಲೂ. ಬಾಯಿ ತೆರೆದೆ. ಕಿಟಕಿಯಿಂದ ಪಪ್ಪ ನನ್ನನ್ನೇ ನೋಡುತ್ತಿದ್ದರು. ತಮಾಷೆ ಬಿಟ್ಟು ಇಳಿದೆ, ಸುತ್ತಿ ಹೋಗಿ ಆಚೆ ಬದಿಯ ಬಾಗಿಲು ತೆರೆದು ಹಿಡಿದೆ.