ತೋಳು ಕಳೆದುಕೊಂಡ ಸ್ವೆಟರ್

ಬೀದರ,
ಎಳ್ಳಮಾಸಿ ಹತ್ತಿರದ ಥಂಡಿ

ಇನ್ನೂ ಹೆಸರಿಲ್ಲದ, ಒದೆಯುವುದನ್ನು ಮಾತ್ರ ಚೆನ್ನಾಗಿ ಕಲಿತಿರುವ ನನ್ನ ಮುದ್ದು ಕೂಸಿಗೆ,

ಹುಟ್ಟದವರಿಗೆ ಯಾರಾದರೂ ಕಾಗದ ಬರೆಯುತ್ತಾರೇನು ಎಂದು ನೀನು ಕೇಳಬಹುದು. ನಾನೂ ವಿಚಾರ ಮಾಡಿದೆ. ಹುಟ್ಟದ ಕೂಸಿಗೆ ತೊಟ್ಟಿಲು ತರಬಾರದು, ಹೆಸರು ಹುಡುಕಬಾರದು, ಬಟ್ಟೆ ಹೊಲಿಸಬಾರದು ಎಂದು ನಮ್ಮ ಕಡೆಯ ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಕಾಗದ ಬರೆಯಬಾರದು ಎಂದು ಯಾರೂ ಹೇಳಿಲ್ಲ. ಹೇಳದೆ ಬಿಟ್ಟದ್ದು ಅವರ ತಪ್ಪು. ಶಾಸ್ತ್ರದಲ್ಲಿ ಎಲ್ಲಿ ಸಂದು ಬಿಟ್ಟಿದೆ ಎಂದು ಹುಡುಕಿ ಅದರೊಳಗೆ ನುಸುಳುವುದರಲ್ಲಿ ನಿನ್ನ ಆಜಿಯ ಸಮ ಈ ಓಣಿಯಲ್ಲಿ ಯಾರೂ ಇಲ್ಲ. ನೀನು ಹಾಕಿಕೊಳ್ಳಲಿರುವ ಸ್ವೆಟರ್ ಕೂಡ ಅಂಥ ಒಂದು ಸಂದಿನಿಂದಲೇ ಬಂದದ್ದು. ಅದರ ಕಥೆಯನ್ನು ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಾನು ನಲಿನಿ, ನಿನ್ನ ತಾಯಿ ಕೇತಕಿಯ ತಾಯಿ. ನನ್ನ ತವರು ಭಾಲ್ಕಿ. ಅಲ್ಲಿ ನೆರೆಮನೆಯ ಖತೀಜಾ ಬೇಗಂ ನನ್ನ ಕೈಗೆ ಎರಡು ಸೂಜಿ ಕೊಟ್ಟು, "ಒಂದು ಸುಲಟಾ, ಒಂದು ಉಲಟಾ" ಎಂದು ಹೆಣಿಗೆ ಕಲಿಸಿದಂದಿನಿಂದ ಈ ಕೈ ಖಾಲಿ ಕುಳಿತದ್ದಿಲ್ಲ. ಥಂಡಿ ಬಿತ್ತೆಂದರೆ ಬೀದರಿನಲ್ಲಿ ಜನ ಸ್ವೆಟರ್ ಹಾಕಿಕೊಳ್ಳುತ್ತಾರೆ, ನಮ್ಮ ಮನೆಯಲ್ಲಿ ಸಾಮಾನುಗಳೂ ಹಾಕಿಕೊಳ್ಳುತ್ತವೆ. ಟಿ.ವಿ. ರಿಮೋಟಿಗೆ ಅಂಗಿ ಇದೆ. ನೀರಿನ ತಂಬಿಗೆಗೆ ಟೋಪಿ ಇದೆ. ಹೋದ ವರ್ಷ ಮೊಬೈಲಿನಲ್ಲಿ ನೋಡಿ, ತಲೆಯಿಂದ ತೂರಿಸಿ ಕೊರಳಿಗೆ ಹಾಕಿಕೊಳ್ಳುವ ಬಳೆಯಂಥ ಮಫ್ಲರ್ ಒಂದನ್ನು ನಿನ್ನ ಆಜೋಬಾನಿಗೆ, ಅಂದರೆ ನನ್ನ ಯಜಮಾನರಿಗೆ, ಹೆಣೆದುಕೊಟ್ಟೆ. ಕನ್ನಡಿ ಮುಂದೆ ನಿಂತು, "ಕಾರಹುಣ್ಣಿವಿ ಎತ್ತಿನಂಗ ಕಾಣ್ಲತ್ತೇನಿ ನೋಡು" ಎಂದರು. ಕಾಣುತ್ತಿದ್ದರು, ಸುಳ್ಳಲ್ಲ. ಆದರೂ ಥಂಡಿ ಮುಗಿಯುವವರೆಗೆ ಅದನ್ನು ತೆಗೆಯಲಿಲ್ಲ.

ಇಂಥ ಹೆಂಗಸಿಗೆ ಮೊಮ್ಮಗು ಆಗುವ ಸುದ್ದಿ ಬಂದರೆ ಏನಾಗಬೇಕು ಹೇಳು. ಸುದ್ದಿ ಬಂದ ದಿನವೇ ಹಳೆಯ ಪೇಪರಿನ ಅಂಚಿನಲ್ಲಿ ಚೌಕ ಚೌಕ ಹಾಕಿ ನಿನ್ನ ಸ್ವೆಟರಿನ ಡಿಸೈನ್ ಬರೆದೆ. ಎಳೆ ಕೂಸಿಗೆ ತಲೆ ದೊಡ್ಡದು, ಕೊರಳು ಎಂಬುದು ಇರುವುದೇ ಇಲ್ಲ. ಅದಕ್ಕೇ ತಲೆಯಿಂದ ತೂರಿಸುವಂಥದು ಬೇಡ, ಮುಂದೆ ತೆರೆದಿರಲಿ. ಗುಂಡಿ ಒತ್ತುತ್ತದೆ, ಕಟ್ಟುವ ದಾರ ಇರಲಿ. ಎದೆಯ ಮೇಲೆ ಜೋಳದ ತೆನೆ, ಅದರ ಜೊತೆಗೆ ಕಿವಿ ಮುಚ್ಚುವ ಕುಲಾವಿ. ಎಲ್ಲ ಮನಸ್ಸಿನಲ್ಲಿ ತಯಾರಾಯಿತು. ಸೂಜಿ ಹಿಡಿಯುವುದೊಂದೇ ಬಾಕಿ ಇತ್ತು.

ಆಗ ಔರಾದದಿಂದ ನಿನ್ನ ಇನ್ನೊಬ್ಬ ಆಜಿಯ, ಅಂದರೆ ನನ್ನ ಬೀಗತಿಯ, ಫೋನ್ ಬಂತು. "ಬೀಗತೇರ, ನಿಮ್ಮ ಕೈ ಸುಮ್ಮ ಕೂಡಂಗಿಲ್ಲಂತ ನನಗ ಗೊತ್ತದ. ಕೂಸು ಹುಟ್ಟೂ ಮುಂಚಿ ಕುಲಾವಿ ಅಂತ ಹಿರ್ಯಾರು ಸುಮ್ಮ ಆಡಿಲ್ರಿ. ಒಂದು ಎಳಿ ಹೊಸಾದು ಮನಿಯಾಗ ಬರಬಾರದು ನೋಡ್ರಿ."

ಬೀಗತಿಯ ಮಾತನ್ನು ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆನೇನೋ. ಆದರೆ ಕುಬಸ ಮುಗಿಸಿಕೊಂಡು ಹೆರಿಗೆಗೆಂದು ಮನೆಗೆ ಬಂದ ನಿನ್ನ ತಾಯಿ ಚಪ್ಪಲಿ ಬಿಡುವ ಮೊದಲೇ ನನ್ನ ಎರಡೂ ಕೈ ಹಿಡಿದುಕೊಂಡಳು. "ಆಯಿ, ಈ ಸಲ ಏನೂ ಹೆಣೀಬ್ಯಾಡ. ಹೊಸಾದು ಏನೂ ಬ್ಯಾಡ. ನನ್ನ ಆಣಿ ಅದ" ಎಂದಳು.

ಇದನ್ನು ನಿನಗೆ ಮುಚ್ಚಿಡುವುದಿಲ್ಲ. ನಿನಗಿಂತ ಮೊದಲು ಒಬ್ಬರು ಹೊರಟಿದ್ದರು, ಅರ್ಧ ದಾರಿಗೇ ತಿರುಗಿ ಹೋದರು. ಆಗ ಕೇತಕಿ ಹಿಗ್ಗಿನಲ್ಲಿ ಪೇಟೆಯಿಂದ ಒಂದು ಬಿಳಿ ಕುಲಾವಿ ತಂದಿಟ್ಟಿದ್ದಳು. ಕುಲಾವಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು, ನಾನು ಹೇಳಿದೆ, ನಿನ್ನ ಅಪ್ಪ ಮಕರಂದ ಹೇಳಿ ಹೇಳಿ ಸೋತ. ಅವಳು ಎಲ್ಲರ ಮಾತಿಗೂ ತಲೆಯಾಡಿಸಿದಳು, ಯಾರ ಮಾತನ್ನೂ ನಂಬಲಿಲ್ಲ. ಹಾಗೆ ನನ್ನ ಕೈ ಹಿಡಿದ ಅವಳ ಕೈ ತಣ್ಣಗಿತ್ತು. "ಆಯ್ತವ್ವ" ಎಂದೆ. ಆ ಸಂಜೆ ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟೆ.

ಇಟ್ಟೆನೇನೋ ಹೌದು, ಆದರೆ ನಿದ್ದೆ ಬರಬೇಕಲ್ಲ. ನೀನು ಬರುವುದು ಸಂಕ್ರಾಂತಿಯ ಹೊತ್ತಿಗೆ. ಆಗ ನಮ್ಮ ಊರಿನ ಗಾಳಿ ದೊಡ್ಡವರ ಹಲ್ಲನ್ನೇ ಕಟಕಟ ಎನಿಸುತ್ತದೆ. ಹುಟ್ಟಿದ ಮೇಲೆ ಹೆಣೆಯಲು ಕೂತರೆ ಮುಗಿಯುವಷ್ಟರಲ್ಲಿ ಹೋಳಿ ಬರುತ್ತದೆ. ಅಂಗಡಿಯದು ತರಬಹುದು. ಆದರೆ ಈ ಆಜಿ ಜೀವಂತ ಇರುವಾಗ ಮೊಮ್ಮಗು ಅಂಗಡಿಯ ಸ್ವೆಟರ್ ಹಾಕಿಕೊಂಡು ಮನೆಗೆ ಬಂದರೆ ಓಣಿಯಲ್ಲಿ ನಾನು ಮುಖ ಎತ್ತಿ ತಿರುಗುವುದು ಹೇಗೆ? ನೀನು ಬೆಚ್ಚಗಿರಬೇಕು, ನಿನ್ನ ತಾಯಿಯ ಆಣೆಯೂ ಮುರಿಯಬಾರದು. ನನಗೆ ಎರಡೂ ಬೇಕಾಗಿತ್ತು.

ದಾರಿ ತೋರಿಸಿದವರು ಬೀಗತಿಯೇ. ಮತ್ತೊಮ್ಮೆ ಫೋನಿನಲ್ಲಿ ಮಾತಾಡುವಾಗ, "ನಾ ಇವರ ಹಳೇ ಧೋತರ ಮೆತ್ತಗ ಒಗದು ಇಟ್ಟೀನ್ರಿ, ಮೊದಲ ಅದರಾಗೇ ಸುತ್ತೂದು" ಎಂದರು. ಅದಕ್ಕೆ ದೋಷವಿಲ್ಲವೇ ಎಂದು ನಾನು ಬಹಳ ಭಕ್ತಿಯಿಂದ ಕೇಳಿದೆ. "ಹಳೇದಕ್ಕ ಯಾವ ದೋಷರಿ? ಹಿರ್ಯಾರು ಉಟ್ಟಿದ್ದು ಅಂದ್ರ ಆಶೀರ್ವಾದ ಇದ್ದಂಗ." ಫೋನ್ ಇಟ್ಟವಳೇ ನಿನ್ನ ಆಜೋಬಾನನ್ನು ನೋಡಿದೆ. ಕುಸುಬೆ ಹೂವಿನ ಬಣ್ಣದ ತುಂಬು ತೋಳಿನ ಸ್ವೆಟರ್ ಹಾಕಿಕೊಂಡು ಚಹಾ ಕುಡಿಯುತ್ತ ಕೂತಿದ್ದರು. ಮದುವೆಯಾದ ಮೊದಲ ಥಂಡಿಯಲ್ಲಿ ನಾನೇ ಹೆಣೆದದ್ದು, ಅಪ್ಪಟ ಉಣ್ಣೆ. ಹಿರಿಯರು ಹಾಕಿದ್ದು, ಹಳೆಯದು. ನಾನು ಅವರನ್ನು ಅಷ್ಟು ಪ್ರೀತಿಯಿಂದ ನೋಡಿ ಎಷ್ಟೋ ವರ್ಷವಾಗಿತ್ತು. ಅವರು ಗಾಬರಿಯಾಗಿ, "ಯಾಕ, ಏನಾತು?" ಎಂದರು.

ಅವರಿಗೆ ಹೇಳಿದರೆ ಕೆಟ್ಟೆ. ಆಜೋಬಾನ ಹೊಟ್ಟೆಯಲ್ಲಿ ಉಪ್ಪಿಟ್ಟು ನಿಂತೀತು, ಮಾತು ನಿಲ್ಲುವುದಿಲ್ಲ. ಮಗಳಿಗೆ ಹೇಳಿಬಿಡುತ್ತಾರೆ. ಹಾಗಾಗಿ ಅವರು ಸ್ನಾನಕ್ಕೆ ಹೋದಾಗ ಹೆಗಲ ಹೊಲಿಗೆ ಕತ್ತರಿಸಿ ಒಂದು ತೋಳು ತೆಗೆದೆ. ಸ್ನಾನ ಮುಗಿಸಿ ಬಂದವರು ಸ್ವೆಟರಿನೊಳಗೆ ಕೈ ತೂರಿಸಿದರು, ಕೈ ಪೂರಾ ಹೊರಗೆ ಬಂತು. ಇಲಿ ಕಡಿದಿದೆ ಎಂದೆ.

"ಇಲಿ?" ಎಂದರು. "ಇಲಿ ಹೆಗಲತನಾ ಸರಳ ಗೆರಿ ಹೊಡದಂಗ ಕಡೀತದ? ಮತ್ತ ತೋಳು ಎಲ್ಲದ?"

"ಒಯ್ದದ್ರಿ" ಎಂದೆ. "ಅದಕ್ಕೂ ಥಂಡಿ ಇರ್ತದಲ್ಲ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಒಂದು ತೋಳಿನಲ್ಲೇ ಕೋಟೆಯ ಕಡೆ ವಾಕಿಂಗಿಗೆ ಹೊರಟೇಬಿಟ್ಟರು. ಜೊತೆಗಾರ ಹಾವಗೆಪ್ಪ, "ಪ್ರಭಾಕರರಾವ, ಅರ್ಧಾ ಥಂಡಿ ಅಷ್ಟೇ ಬಂದದೇನ್ರಿ ನಿಮಗ?" ಎಂದನಂತೆ. ಮನೆಗೆ ಬಂದು ಸ್ವೆಟರನ್ನು ನನ್ನ ಮುಂದೆ ಹಾಕಿ, ಇನ್ನೊಂದು ತೋಳನ್ನೂ ತೆಗೆದುಬಿಡು, ಸಮ ಆದರೂ ಆಗಲಿ ಎಂದರು. ಬೇಡಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ನಾನು ಮುಖ ಸಣ್ಣದು ಮಾಡಿಕೊಂಡು ತೆಗೆದೆ.

ಬಿಚ್ಚಿದ ಉಣ್ಣೆ ಎಂದರೆ ಏನೆಂದು ನಿನಗೆ ಗೊತ್ತಿಲ್ಲ. ಅಷ್ಟು ವರ್ಷ ಕುಣಿಕೆಯಾಗಿ ಕೂತ ನೂಲು ಡೊಂಕು ಡೊಂಕಾಗಿಯೇ ಬರುತ್ತದೆ, ನೆಟ್ಟಗಾಗು ಎಂದರೆ ಕೇಳುವುದಿಲ್ಲ. ಅದನ್ನು ಲಡಿಯಾಗಿ ಸುತ್ತಿ, ಉಗುರು ಬೆಚ್ಚಗಿನ ನೀರಿನಲ್ಲಿ ತೋಯಿಸಿ, ಕೆಳಗೆ ಭಾರ ಕಟ್ಟಿ ತೂಗಹಾಕಬೇಕು. ಮಾಳಿಗೆಯ ತಂತಿಗೆ ಹಾಕಿ ಕೆಳಗೆ ಮಸಾಲೆ ಕುಟ್ಟುವ ಖಲಬತ್ತು ಕಟ್ಟಿದೆ. ಪಕ್ಕದ ಮಾಳಿಗೆಯಿಂದ ಹಮೀದುನ್ನಿಸಾ ನೋಡಿ, "ಬಾಯಿ, ಈ ಥಂಡ್ಯಾಗ ಯಾರರ ಶಾವಿಗಿ ಹಾಕ್ತಾರೇನ್ರಿ? ಅದೂ ಇಷ್ಟು ಹಳದಿ?" ಎಂದಳು. ನಾನು ಬಾಯಿಗೆ ಬೆರಳಿಟ್ಟು ಹೊಟ್ಟೆಯ ಮುಂದೆ ಕೈಯಿಂದ ಗುಂಡಗೆ ತೋರಿಸಿದೆ. ಅವಳಿಗೆ ಒಮ್ಮೆಲೇ ತಿಳಿಯಿತು. ಅಂದಿನಿಂದ ಕೇತಕಿ ಮಾಳಿಗೆ ಹತ್ತಿದಾಗಲೆಲ್ಲ ಹಮೀದುನ್ನಿಸಾಗೆ ಕೆಮ್ಮು ಬರತೊಡಗಿತು. ನನಗೆ ಸುಳಿವು ಕೊಡುವ ಕೆಮ್ಮು ಅದು. ಕೇತಕಿ ಅದನ್ನು ನಿಜವೆಂದು ತಿಳಿದು ಅವಳಿಗೆ ಶುಂಠಿ ಕಷಾಯ ಮಾಡಿ ಒಯ್ದು ಕೊಟ್ಟಳು.

ಒಣಗಿದ ಲಡಿಯನ್ನು ಉಂಡೆ ಸುತ್ತಲು ಎರಡು ಜನ ಬೇಕು. ಒಬ್ಬರು ಎರಡೂ ಕೈ ಚಾಚಿ ಲಡಿ ಹಿಡಿಯಬೇಕು, ಇನ್ನೊಬ್ಬರು ಸುತ್ತಬೇಕು. ಕಳ್ಳ ಕೆಲಸಕ್ಕೆ ಎರಡನೆಯವರನ್ನು ಎಲ್ಲಿಂದ ತರಲಿ? ಕುರ್ಚಿಯನ್ನು ತಲೆಕೆಳಗು ಮಾಡಿ ಅದರ ಕಾಲುಗಳಿಗೆ ಲಡಿ ಹಾಕಿದೆ. ಅಷ್ಟರಲ್ಲಿ ನಿನ್ನ ತಾಯಿ ಬಂದಳು. ಲಡಿಯನ್ನು ಸೆರಗಿನಲ್ಲಿ ಅಡಗಿಸಿ, ಕುರ್ಚಿಗೆ ತಿಗಣಿ ಆಗಿದೆ, ನೋಡುತ್ತಿದ್ದೇನೆ ಎಂದೆ. ಅವಳು ಕುರ್ಚಿ ನೋಡಿದಳು, ನನ್ನ ಉಬ್ಬಿದ ಸೆರಗು ನೋಡಿದಳು, ಅಡುಗೆಮನೆಗೆ ಹೋದಳು.

ಹೆಣಿಗೆ ನಡೆದದ್ದು ದೇವರ ಮನೆಯಲ್ಲಿ, ಬಾಗಿಲು ಹಾಕಿಕೊಂಡು. ಒಳಗಿನಿಂದ ಸಣ್ಣಗೆ ಎಣಿಸುವ ದನಿ ಬಂದರೆ ಜಪ ಎಂದು ತಿಳಿಯಲಿ ಎಂಬ ಲೆಕ್ಕ. ನನ್ನ ಭಕ್ತಿಯ ಸುದ್ದಿ ಔರಾದದವರೆಗೂ ಹೋಯಿತು. ಬೀಗತಿ ಖುಷಿಯಾಗಿ, ಮೊಮ್ಮಗುವಿನ ಸಲುವಾಗಿ ಇನ್ನೂ ಜಪ ಹೆಚ್ಚು ಮಾಡಿರೆಂದು ಹೇಳಿ ಕಳಿಸಿದರು. ದೇವರು ಎಲ್ಲ ನೋಡುತ್ತಿದ್ದ, ಅವನೇನೂ ತಕರಾರು ಮಾಡಲಿಲ್ಲ.

ಕುಲಾವಿ ಮುಗಿಯಿತು, ಬೆನ್ನು ಮುಗಿಯಿತು, ಎದೆ ಮುಗಿಯಿತು, ಜೋಳದ ತೆನೆ ಕಾಳು ಕಟ್ಟಿತು, ಒಂದು ತೋಳೂ ಆಯಿತು. ಉಂಡೆ ಮುಗಿದುಹೋಯಿತು. ಹಳೆಯ ತೋಳುಗಳ ಮೊಣಕೈ ಸವೆದು ತುಂಡು ತುಂಡಾಗಿದ್ದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಡಿಸೈನ್ ಮಾಡುವಾಗ ಇದ್ದ ಜಂಭವೆಲ್ಲ ಇಳಿಯಿತು. ಹೊಸ ಉಣ್ಣೆ ತಂದರೆ ಆಣೆ ಮುರಿಯುತ್ತದೆ. ಹಳೆಯದು ಉಳಿದಿರುವುದು ನಿನ್ನ ಆಜೋಬಾನ ಮೈಮೇಲೆ. ತೋಳು ಹೋದ ಮೇಲಂತೂ ಅವರು ಅದನ್ನು ಎದೆಗೆ ಅಪ್ಪಿಕೊಂಡೇ ತಿರುಗುತ್ತಿದ್ದರು. ಈ ವಯಸ್ಸಿನಲ್ಲಿ ಈ ಥಂಡಿಯಲ್ಲಿ ಅದನ್ನೂ ಕಸಿದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ನಾಲ್ಕು ದಿನದ ಹಿಂದೆ ಮಧ್ಯಾಹ್ನ ದೇವರ ಮನೆಯಲ್ಲಿ ಒಂದು ಕೈಯ ಆ ಪುಟ್ಟ ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಳು ಬಂತು. ಒಂದು ತೋಳಿಗಾಗಿ ಅತ್ತೆನೋ, ಹಿಂದೆ ತಿರುಗಿ ಹೋದವರಿಗಾಗಿ ಅತ್ತೆನೋ, ನನಗೇ ತಿಳಿಯದು.

ಬಾಗಿಲು ತೆರೆಯಿತು. ಆಜೋಬಾ ನಿಂತಿದ್ದರು. ಬರೀ ಅಂಗಿ, ಮೇಲೆ ಶಾಲು. ಕೈಯಲ್ಲಿದ್ದ ಸ್ವೆಟರನ್ನು ನನ್ನ ಮುಂದಿಟ್ಟು, "ಆ ಇಲಿಗಿ ಹೇಳು, ಉಳದದ್ದೂ ತಿನ್ನಂತ" ಎಂದರು.

ಮೊದಲನೇ ತೋಳಿನ ದಿನವೇ ಅವರಿಗೆ ಗೊತ್ತಾಗಿತ್ತಂತೆ. ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು, ಆ ಮನುಷ್ಯ! ನನಗೆ ನಾಚಿಕೆಯಾಯಿತು, ನಗುವೂ ಬಂತು. ಆದರೆ ನಗು ಅರ್ಧಕ್ಕೇ ನಿಂತಿತು. ಅವರ ಬೆನ್ನ ಹಿಂದೆ ನಿನ್ನ ತಾಯಿ ನಿಂತಿದ್ದಳು.

ಅವಳು ನಿಧಾನ ಒಳಗೆ ಬಂದಳು. ನಿನ್ನ ಭಾರ ಹೊತ್ತು ಗೋಡೆ ಹಿಡಿದು ನೆಲಕ್ಕೆ ಕೂತಳು. ಪುಟ್ಟ ಸ್ವೆಟರನ್ನು ಎತ್ತಿ ಮೂಗಿಗೆ ಹಿಡಿದಳು. "ಬಾಬಾನ ವಾಸನಿ ಬರ್ತದ" ಎಂದು ತನ್ನ ಅಪ್ಪನ ಕಡೆ ನೋಡಿದಳು. ಬಾರದೇ ಇರುತ್ತದೆಯೇ, ಎಷ್ಟು ಥಂಡಿಯ ತಲೆನೋವಿನ ಮುಲಾಮು ಅದರಲ್ಲಿದೆ. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದಳು, "ಇದು ಹೊಸಾದು ಅಲ್ಲ, ಅಲಾ ಆಯಿ?"

"ನಿನಗಿಂತ ಹಳೇದವ್ವ" ಎಂದೆ.

ಅವಳು ಸ್ವೆಟರನ್ನು ತನ್ನ ಹೊಟ್ಟೆಯ ಮೇಲೆ, ನಿನ್ನ ಮೇಲೆ, ಹಾಸಿದಳು. ಸರಿಯಾದ ಅಳತೆಯೇ ಎಂದು ನೋಡುವವಳಂತೆ ಅಂಗೈಯಿಂದ ಸವರಿದಳು. ಮತ್ತೆ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು.

"ಬಿಚ್ಚು, ಆಯಿ. ಲಡಿ ನಾ ಹಿಡೀತೇನಿ. ಕುರ್ಚಿಗಿ ತಿಗಣಿ ಆಗ್ಯಾವಲ್ಲ."

ಆ ಮಧ್ಯಾಹ್ನ ನಾವು ಮೂವರೂ ದೇವರ ಮನೆಯಲ್ಲಿ ಕೂತು ಒಂದು ಸ್ವೆಟರನ್ನು ಇಲ್ಲವಾಗಿಸಿದೆವು. ಆಜೋಬಾ ಬಿಚ್ಚುತ್ತ ಹೋದರು, ನಾನು ನಿನ್ನ ತಾಯಿಯ ಕೈಗಳಿಗೆ ಸುತ್ತುತ್ತ ಹೋದೆ. ನಡುವೆ ನೀನು ಒದ್ದೆ. ಲಡಿ ಅಲುಗಿತು. "ಇದಕ್ಕ ಅವಸರ ನೋಡು" ಎಂದು ಕೇತಕಿ ನಕ್ಕಳು. ಅವಳು ನಿನ್ನ ಮಾತೆತ್ತಿ ನಕ್ಕದ್ದು ನಾನು ಕೇಳಿದ್ದು ಅದೇ ಮೊದಲು.

ಔರಾದಕ್ಕೂ ಅವಳೇ ಫೋನ್ ಮಾಡಿ ಹೇಳಿದಳು. ಬೀಗತಿ, "ಹಳೇದು ಅಂದ ಮ್ಯಾಲ ನಡೀತದ. ಆದ್ರ ಮೊದಲ ನಮ್ಮ ಧೋತರ, ಅದರ ಮ್ಯಾಲ ನಿಮ್ಮ ಸ್ವೆಟರ್. ಇದರಾಗ ಬದಲ ಇಲ್ರಿ" ಎಂದು ತೀರ್ಪು ಕೊಟ್ಟರು. ನಾನು ಒಪ್ಪಿದ್ದೇನೆ. ಒಳಗೆ ಏನಿದ್ದರೇನು, ಓಣಿಯವರಿಗೆ ಕಾಣುವುದು ಸ್ವೆಟರ್. ಆಜೋಬಾನಿಗೆ ಹೊಸ ಸ್ವೆಟರ್ ಹೆಣೆದುಕೊಡುತ್ತೇನೆ ಎಂದಿದ್ದೇನೆ. ಅವರು ಈಗಾಗಲೇ ಹುಟ್ಟಿಬಿಟ್ಟಿರುವುದರಿಂದ ಅದಕ್ಕೆ ಯಾವ ದೋಷವೂ ಇಲ್ಲ.

ಎರಡನೇ ತೋಳು ಈಗ ಸೂಜಿಯ ಮೇಲಿದೆ. ಬಾಗಿಲು ತೆರೆದಿಟ್ಟುಕೊಂಡೇ ಹೆಣೆಯುತ್ತಿದ್ದೇನೆ. ನಿನ್ನ ತಾಯಿ ಪಕ್ಕದಲ್ಲೇ ಮಲಗಿ ಸೂಜಿಯ ಸಪ್ಪಳ ಕೇಳುತ್ತಾಳೆ. ಬೆಳಿಗ್ಗೆ, ಮುಗಿಯುತ್ತ ಬಂತು ಎಂದಾಗ ನನ್ನ ಮೊಣಕೈ ಹಿಡಿದು ಒಂದೇ ಮಾತು ಕೇಳಿಕೊಂಡಳು. "ಕಡೀ ಗಂಟು ಮಾತ್ರ ಈಗ ಹಾಕಬ್ಯಾಡ, ಆಯಿ. ಅದು ಬಂದ ಮ್ಯಾಲ ಹಾಕು."

ಹಾಕುವುದಿಲ್ಲ. ಕೊನೆಯ ಸಾಲನ್ನು ಸೂಜಿಯ ಮೇಲೆಯೇ ಬಿಟ್ಟು, ಸೂಜಿ ಸಮೇತ ಆಸ್ಪತ್ರೆಗೆ ತರುತ್ತೇನೆ. ನೀನು ಬಂದು ನಿನ್ನ ಕೈ ಕೊಡು. ಅಳತೆ ನೋಡಿ ನಿನ್ನ ಮುಂದೆಯೇ ಗಂಟು ಹಾಕುತ್ತೇನೆ.

ಅವಸರ ಮಾಡಬೇಡ, ತಡವನ್ನೂ ಮಾಡಬೇಡ. ಪೂರ್ತಿ ದಾರಿ ನಡೆದು ಬಾ. ತಲೆ ಬೆಚ್ಚಗಿರಲಿ, ಹೊಟ್ಟೆ ತುಂಬಿರಲಿ, ಹಿರಿಯರ ಆಯುಷ್ಯವೆಲ್ಲ ಎಳೆ ಎಳೆಯಾಗಿ ನಿನಗೆ ಬರಲಿ.

ಸೂಜಿ ಹಿಡಿದು ನಿನ್ನ ದಾರಿ ಕಾಯುತ್ತಿರುವ
ಬೀದರಿನ ಇಲಿ,
ನಿನ್ನ ಆಜಿ ನಲಿನಿ