ನೋವು ಶುರುವಾದ ಕೂಡಲೇ

ಶಲವಡಿ

ಡಾಕ್ಟರ್ ರೋಹಿಣಿ ಮೇಡಂ ಅವರಿಗೆ ಮಲ್ಲಿಕಾಳ ನಮಸ್ಕಾರಗಳು.

ನನ್ನ ಬೆನ್ನುನೋವಿಗೆ ಯಾವ ಔಷಧ ನಾಟುತ್ತದೆ ಎಂದು ತಿಳಿಯಲು ಹೋದ ಸೋಮವಾರ ನೀವು ನನ್ನ ತೋಳಿಗೆ ಬಿಸಿ ಮುಟ್ಟಿಸಿ, ಸೂಜಿಮೊನೆ ಒತ್ತಿ ನೋಡಿದಿರಿ. “ನೋವು ಶುರು ಆದ ಕೂಡ್ಲೆ ಹೇಳ್ರಿ” ಅಂದಿರಿ. ನಾನು ಹೇಳಲಿಲ್ಲ. ಬಾಜು ನಮ್ಮತ್ತೆ ಫಕೀರವ್ವ ಕೂತಿದ್ದರು. “ನಮ್ಮ ಸೊಸಿ ಅಗದಿ ಗಟ್ಟಿ ಅದಾಳ್ರಿ, ಹಡಿಯೂ ಮುಂದ ಸೈತ ಚೀರಲಿಲ್ಲ” ಎಂದು ನಿಮಗೆ ಮೊದಲೇ ಹೇಳಿಬಿಟ್ಟಿದ್ದರು. ತಡೆಯಲಾಗದಾಗ ಮಾತ್ರ ನಾನು ಕೈ ಎತ್ತಿದೆ. ನೀವು ಅದನ್ನೇ ನಂಬಿ ಗುಳಿಗೆ ಬರೆದಿರಿ. ನೋವು ಕಡಿಮೆಯಾಗಿಲ್ಲ. ನಿಮ್ಮ ಮೇಲೆ ನನಗೆ ಬೇಸರವೇನೂ ಇಲ್ಲ.

ದಯವಿಟ್ಟು ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿರಿ. ಆಗ ಅತ್ತೆಯವರನ್ನು ಹೊರಗೆ ಕೂಡಿಸಿರಿ. ನೀವು ಹೇಳಿದರೆ ಅವರು ತಪ್ಪು ತಿಳಿಯುವುದಿಲ್ಲ.

ಆಮೇಲೆ ಅವರನ್ನೂ ಒಳಗೆ ಕರೆದು ಪರೀಕ್ಷಿಸಿರಿ. ಅವತ್ತು ನಿಮ್ಮ ದವಾಖಾನೆಗೆ ಬರುವಾಗ ಅಣ್ಣಿಗೇರಿಯಲ್ಲಿ ಬಸ್ ಇಳಿದ ಅತ್ತೆ ಮೊಣಕಾಲು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಕೇಳಿದ್ದಕ್ಕೆ “ಏನಿಲ್ಲ ಬಿಡು, ಸೀರಿ ಕಾಲಾಗ ಸಿಕ್ತು” ಅಂದರು. ಸೀರೆ ಎಲ್ಲೂ ಸಿಕ್ಕಿರಲಿಲ್ಲ.

ಅವರ ಪರೀಕ್ಷೆಯ ಹೊತ್ತಿಗೆ ನನ್ನನ್ನು ಹೊರಗೆ ಕಳಿಸುವುದನ್ನು ಮರೆಯಬೇಡಿರಿ.

ಇಂತಿ ನಿಮ್ಮ ಪೇಶಂಟ್,
ಮಲ್ಲಿಕಾ